ಸ್ಟಾರ್ ವಾರ್ಸ್‌ನಿಂದ ಕಲ್ಲಹಳ್ಳಿಗೆ: ಯಾವ ಪುಸ್ತಕ ಮೊದಲು?

ಕೆ.ಆರ್. ನಗರದ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. "ಸ್ಟಾರ್ ವಾರ್ಸ್ ಸಿನಿಮಾ ಎಲ್ಲಾ ನೋಡಿದೀನಿ. ಕಾದಂಬರಿಗಳೂ ರಾಶಿ ಇವೆಯಂತೆ. ಎಲ್ಲಿಂದ ಶುರು ಮಾಡ್ಲಿ?"

ನನ್ನ ಉತ್ತರ: ಟಿಮೊಥಿ ಜಾನ್ 1991ರಲ್ಲಿ ಬರೆದ 'ಏರ್ ಟು ದಿ ಎಂಪೈರ್'. ಮೊದಲ ಮೂರು ಸಿನಿಮಾ ಮುಗಿದ ಮೇಲಿನ ಕಥೆ ಅದು. 2014ರಲ್ಲಿ ಕಂಪನಿ ಇಂಥ ಹಳೇ ಕಾದಂಬರಿಗಳನ್ನೆಲ್ಲ 'ಲೆಜೆಂಡ್ಸ್' ಅಂತ ಹೆಸರಿಟ್ಟು ಪಕ್ಕಕ್ಕಿಟ್ಟಿತು. ಅಂದ್ರೆ ಹೊಸ ಸಿನಿಮಾಗಳು ಆ ಕಥೆಗೆ ಕಟ್ಟುಬಿದ್ದಿಲ್ಲ. ಆದ್ರೂ ಓದಿ, ಚೆನ್ನಾಗಿದೆ.

ಅಲ್ಲಿ ಸಿನಿಮಾದ ಬೆನ್ನಿಗೆ ಕಾದಂಬರಿ ಬರುತ್ತೆ. ನಮ್ಮಲ್ಲಿ ಉಲ್ಟಾ. 1960-70ರ ದಶಕದಲ್ಲಿ ಕನ್ನಡ ಸಿನಿಮಾದವರು ಕಥೆ ಹುಡುಕಿಕೊಂಡು ಕಾದಂಬರಿಕಾರರ ಹತ್ತಿರ ಹೋದರು. ಅಂಥ ಒಬ್ಬ ಕಾದಂಬರಿಕಾರರು ನಿಮ್ಮ ಪಕ್ಕದ ತಾಲ್ಲೂಕಿನವರೇ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಸುಬ್ರಹ್ಮಣ್ಯರಾಜೇ ಅರಸು. ನಾಡಿಗೆ ಗೊತ್ತಿರೋದು 'ಚದುರಂಗ' ಅನ್ನೋ ಹೆಸರಲ್ಲಿ. ಹುಟ್ಟಿದ್ದು 1916ರಲ್ಲಿ.

ಅವರ 'ಸರ್ವಮಂಗಳ' ಕಾದಂಬರಿ 1950ರದ್ದು. 1968ರಲ್ಲಿ ಅದು ಸಿನಿಮಾ ಆಯ್ತು. ರಾಜ್‌ಕುಮಾರ್, ಕಲ್ಪನಾ ನಟಿಸಿದರು. ನಿರ್ದೇಶನ ಯಾರದ್ದು ಗೊತ್ತಾ? ಚದುರಂಗರದ್ದೇ! ಮರುವರ್ಷ ಅವರ 'ಉಯ್ಯಾಲೆ'ಯನ್ನು ಎನ್. ಲಕ್ಷ್ಮೀನಾರಾಯಣ್ ತೆರೆಗೆ ತಂದರು. ನಾಯಕ, ನಾಯಕಿ ಮತ್ತೆ ಅದೇ ಜೋಡಿ.

ಹಾಗಾದ್ರೆ ಚದುರಂಗರನ್ನು ಎಲ್ಲಿಂದ ಶುರು ಮಾಡೋದು? ನಾನು 'ಉಯ್ಯಾಲೆ' ಅಂತೀನಿ. ಪುಸ್ತಕದಲ್ಲೇ ಮುಳುಗಿರೋ ಗಂಡ, ಮನೆಯಲ್ಲಿ ಒಂಟಿಯಾದ ಹೆಂಡತಿ, ಆ ಮನೆಗೆ ಬರೋ ಇನ್ನೊಬ್ಬ. ಅವಳ ಮನಸ್ಸು ಅತ್ತಿತ್ತ ತೂಗುತ್ತೆ. ಇದನ್ನು ಮೊದಲು ಓದಿ, ಆಮೇಲೆ ಸಿನಿಮಾ ನೋಡಿ. ಮೊದಲೇ ಸಿನಿಮಾ ನೋಡಿದ್ರೆ ಕಲ್ಪನಾ ಅವರ ಮುಖ ಬಿಟ್ಟು ಬೇರೆ ಮುಖ ನಿಮ್ಮ ಕಣ್ಣಿಗೆ ಬರಲ್ಲ. ಎರಡನೆಯದು 'ಸರ್ವಮಂಗಳ'. ಬರೆದವರೇ ನಿರ್ದೇಶಿಸಿದಾಗ ಏನು ಉಳೀತು, ಏನು ಬಿಟ್ಟುಹೋಯ್ತು ಅಂತ ನೀವೇ ಹೋಲಿಸಿ ನೋಡಬಹುದು.

'ವೈಶಾಖ'ವನ್ನು ಮಾತ್ರ ಕೊನೆಗಿಟ್ಟುಕೊಳ್ಳಿ. ದೊಡ್ಡ ಕಾದಂಬರಿ. 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಮೊದಲಿನ ಎರಡು ಪುಸ್ತಕ ಒಂದೊಂದು ಮನಸ್ಸಿನ ಕಥೆ. ಇದರಲ್ಲಿ ಇಡೀ ಹಳ್ಳಿ ಬರುತ್ತೆ, ಜಾತಿ ಬರುತ್ತೆ, ಮೈಸೂರು ಸೀಮೆಯ ಮಾತೇ ಬರುತ್ತೆ.

'ಉಯ್ಯಾಲೆ'ಗೂ 'ವೈಶಾಖ'ಕ್ಕೂ ನಡುವೆ ಇನ್ನೊಂದು ವಿಷಯ ನಡೆದಿತ್ತು. ಅದೇ ಕಲ್ಲಹಳ್ಳಿಯ ಇನ್ನೊಬ್ಬರು, ದೇವರಾಜ ಅರಸು, 1972ರಲ್ಲಿ ಮುಖ್ಯಮಂತ್ರಿ ಆದರು. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು, ಉಳುವವನೇ ಹೊಲದೊಡೆಯ ಅನ್ನೋದು ಕಾನೂನಾಯ್ತು. ಅದರಿಂದಲೇ 'ವೈಶಾಖ' ಹುಟ್ಟಿತು ಅಂತ ನಾನು ಹೇಳ್ತಿಲ್ಲ. ಆದ್ರೆ ಒಂದೇ ಊರಿನ, ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರು ಹಳ್ಳಿಯ ಯಜಮಾನಿಕೆಯನ್ನು ಕಾನೂನಿನಲ್ಲಿ ಮುಟ್ಟಿದರು, ಇನ್ನೊಬ್ಬರು ಕಾದಂಬರಿಯಲ್ಲಿ. ಈ ಕ್ರಮದಲ್ಲಿ ಓದಿದ್ರೆ ಒಬ್ಬ ಬರಹಗಾರ ಮನೆಯೊಳಗಿಂದ ಊರಿಗೆ ನಡೆದು ಬಂದದ್ದು ಕಾಣುತ್ತೆ.

ಇಲ್ಲಿ ಯಾವ ಕಂಪನಿಯೂ ಪುಸ್ತಕಗಳನ್ನು ಪಕ್ಕಕ್ಕಿಟ್ಟಿಲ್ಲ. ನಾವು ಓದೋದು ಬಿಟ್ಟರೆ ತಾವಾಗೇ ಪಕ್ಕಕ್ಕೆ ಸರಿದುಬಿಡ್ತವೆ, ಅಷ್ಟೇ. ಈ ವಾರ ನಿಮ್ಮೂರಿನ ಲೈಬ್ರರಿಗೆ ಹೋಗಿ 'ಉಯ್ಯಾಲೆ' ಕೇಳಿ. ಹಾಗೇ ಮನೆಯಲ್ಲಿ ಅಜ್ಜಿ ಇದ್ರೆ, ಆ ಸಿನಿಮಾ ಯಾವ ಟೆಂಟಲ್ಲಿ ನೋಡಿದ್ರಿ ಅಂತ ಕೇಳಿ, ನಮಗೂ ಹೇಳಿ. ಮುಂದಿನ ವಾರ ಸಿಗೋಣ.