ಕಣ್ಣಿನ ಕಾಣದ ಕವಚ

‘ಇರುಳುಗಣ್ಣು’ ಎಂಬ ಮಾತು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೂಡಲಗಿ ಇನ್ನೂ ಗೋಕಾಕ ತಾಲೂಕಿಗೆ ಸೇರಿದ್ದ ಕಾಲದಲ್ಲಿ, ಅಲ್ಲಿಯೂ ಹುಕ್ಕೇರಿಯ ಕಡೆಗೂ, ಹೊತ್ತು ಮುಳುಗುತ್ತಲೇ ಗೋಡೆ ತಡವಿ ನಡೆಯುತ್ತಿದ್ದ ಮಕ್ಕಳನ್ನು ನಾನು ಕಂಡಿದ್ದೇನೆ. ಕೆಲವರ ಬಿಳಿಗುಡ್ಡೆಯ ಮೇಲೆ ನೊರೆಯಂಥ ಮಚ್ಚೆಯೂ ಇರುತ್ತಿತ್ತು. ಫ್ರಾನ್ಸಿನ ವೈದ್ಯ ಬಿಟೋ 1863ರಲ್ಲಿ ಅನಾಥ ಮಕ್ಕಳ ಕಣ್ಣಲ್ಲಿ ಕಂಡು ವರ್ಣಿಸಿದ ಮಚ್ಚೆ ಇದೇ. ಇದಕ್ಕೆ ಎ ಜೀವಸತ್ವದ ಕೊರತೆ ಕಾರಣವೆಂದು ತಿಳಿಯಲು 20ನೆಯ ಶತಮಾನವೇ ಬರಬೇಕಾಯಿತು.

ಇರುಳುಗಣ್ಣು ಒಳಗಿನ ಅಕ್ಷಿಪಟಲದ ತೊಂದರೆ. ಹೊರಗಿನ ಕೇಡಿನ ಕಥೆಯೇ ಬೇರೆ. ಕಾರ್ನಿಯದ ಮೇಲ್ಪದರದ ಜೀವಕೋಶಗಳ ಪೊರೆಯಲ್ಲಿ ಮ್ಯೂಸಿನ್ ಎಂಬ ಪ್ರೋಟೀನುಗಳು ಬೇರೂರಿ ನಿಂತಿರುತ್ತವೆ. (ಈ ಪೊರೆ, ಮುಪ್ಪಿನಲ್ಲಿ ಕಣ್ಣಿಗೆ ಬರುವ ಪೊರೆಯಲ್ಲ.) ಜೋಳದ ತೆನೆಗೆ ಕಾಳು ಕಟ್ಟಿದಂತೆ ಅವುಗಳ ಮೈತುಂಬ ಸಕ್ಕರೆಯ ಸರಪಳಿಗಳು. ಅವು ನೀರನ್ನು ಹಿಡಿದಿಟ್ಟು, ಕಣ್ಣೀರನ್ನು ಸಮನಾಗಿ ಹರಡಿಸಿ, ರೋಗಾಣುಗಳು ಅಂಟದಂತೆ ತಡೆಯುತ್ತವೆ. ಇವುಗಳಲ್ಲಿ ಮಹಾಕಾಯವಾದದ್ದು ಮಕ್16. ಅದರ ವಂಶವಾಹಿ ಪತ್ತೆಯಾದದ್ದು 2001ರಲ್ಲಿ, ಅದೂ ಅಂಡಾಶಯದ ಕ್ಯಾನ್ಸರಿನ ಸಂಶೋಧನೆಯಿಂದ! ಎ ಜೀವಸತ್ವ ಸಾಲದಾದಾಗ ಈ ಕವಚ ಕ್ಷೀಣಿಸಿ, ಮೇಲ್ಮೈ ಒಣಗಿ ಚರ್ಮದಂತೆ ಗಡುಸಾಗುತ್ತದೆ. ಕಡೆಗೆ ಕಾರ್ನಿಯವೇ ಕರಗಿ ಮಗು ಕುರುಡಾಗುವುದುಂಟು.

ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಲಕ್ಷಗಟ್ಟಲೆ ಕಣ್ಣುಗಳ ಶಸ್ತ್ರಚಿಕಿತ್ಸೆ ಮಾಡಿದ ಪುಣ್ಯಾತ್ಮರು. ಆದರೆ ಮುಪ್ಪಿನ ಪೊರೆ ತೆಗೆಯುವ ಆ ಚಿಕಿತ್ಸೆ ಕರಗಿದ ಕಾರ್ನಿಯಕ್ಕೆ ಸಲ್ಲದು. ಆದ್ದರಿಂದಲೇ 1970ರಲ್ಲಿ ಭಾರತ ಸರ್ಕಾರ ಆರಂಭಿಸಿದ ಯೋಜನೆಯನ್ನು ನಾನು ಬಹು ದೊಡ್ಡದೆಂದು ಎಣಿಸುತ್ತೇನೆ. ಎಳೆಯ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಮಾನಗಳಷ್ಟು ಎ ಜೀವಸತ್ವದ ದ್ರಾವಣ, ಒಂದು ಚಮಚದಲ್ಲಿ. ಅದನ್ನು ಕಂಡು ಮುಖ ಸಿಂಡರಿಸಿದವರು ನಿಮ್ಮಲ್ಲಿಯೇ ಹಲವರಿದ್ದೀರಿ.