ತಕ್ಕಡಿಯೂ ದಾನಶಾಸನವೂ

ಹುಂಚದ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯನ್ನು 1062ರ ಶಾಸನವು ಕೊಂಡಾಡುತ್ತದೆ. ಸಾಂತರರ ರಾಜಧಾನಿಯ ಈ ವರ್ತಕನು ಪಟ್ಟಣಸ್ವಾಮಿ ಜಿನಾಲಯವನ್ನು ಮಾಡಿಸಿದ್ದಲ್ಲದೆ ಕೆರೆಗಳನ್ನೂ ಕಟ್ಟಿಸಿದನು. ಬಸದಿಗೆ ಬಾರದವನ ಗದ್ದೆಗೂ ಕೆರೆಯ ನೀರು ಹರಿಯುತ್ತದೆ. ಇಂದು ನಾವು ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆ ಎನ್ನುವುದು ಇದನ್ನೇ.

2013ರ ಕಂಪನಿ ಕಾಯಿದೆಯ 135ನೆಯ ಕಲಮು ಅದನ್ನು ಅಂಕಿಗಿಳಿಸಿತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಒಳ್ಳೆಯದೇ. ಆದರೆ ಈ ಲೆಕ್ಕ ಆರಂಭವಾಗುವುದು ಲಾಭ ಕೈಸೇರಿದ ಮೇಲೆ.

ಶ್ರಾವಕಾಚಾರದ ಲೆಕ್ಕ ಅಂಗಡಿಯ ತಕ್ಕಡಿಯಿಂದಲೇ ಮೊದಲಾಗುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಳವಿಗೆ ಪ್ರೇರೇಪಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಕೊಳ್ಳುವಾಗ ಹೆಚ್ಚಾಗಿಯೂ ಕೊಡುವಾಗ ಕಡಿಮೆಯಾಗಿಯೂ ಅಳೆಯುವುದು, ಕಲಬೆರಕೆ. ಐದೂ ವರ್ತಕನನ್ನೇ ಎದುರಿಗೆ ನಿಲ್ಲಿಸಿಕೊಂಡು ಆಡಿದ ಮಾತಿನಂತಿವೆ. ಇದರ ಜೊತೆಗೆ ಪರಿಗ್ರಹಪರಿಮಾಣ: ಇಷ್ಟು ಸಾಕೆಂದು ಗಳಿಕೆಗೆ ತಾನೇ ಹಾಕಿಕೊಳ್ಳುವ ಎಲ್ಲೆ. ಕಂಪನಿ ಕಾಯಿದೆ ಇದನ್ನು ಕೇಳುವುದಿಲ್ಲ. ಕೇಳಿದರೆ ಕಂಪನಿಗಳೇ ಉಳಿಯವೇನೋ!

ಶಾಸನಗಳನ್ನು ಓದುವ ನಮ್ಮಂಥವರಲ್ಲಿಯೂ ದೋಷವುಂಟು. ದತ್ತಿಯ ಗದ್ಯಾಣಗಳನ್ನೆಣಿಸಿ ದಾನಿಯನ್ನು ಧರ್ಮಾತ್ಮನೆಂದು ಬರೆದುಬಿಡುತ್ತೇವೆ. ದಾನಶಾಸನ ಹುಟ್ಟಿದ್ದು ಕೊಟ್ಟುದನ್ನು ಹೇಳುವುದಕ್ಕೆ, ಗಳಿಸಿದ ಬಗೆಯನ್ನಲ್ಲ. ಒಮ್ಮೆ ನೊಕ್ಕಯ್ಯಸೆಟ್ಟಿಯ ಪಾಠ ಮುಗಿಸಿದಾಗ ಹಿಂದಿನ ಬೆಂಚಿನ ವಾಣಿಜ್ಯ ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ: “ಅವನ ಅಂಗಡಿಯಲ್ಲಿ ಬಳ್ಳ ಎಷ್ಟಿತ್ತು ಸರ್, ಒಂದೋ ಎರಡೋ?”