ಸಿಡ್ನಿಯ ಕಳೆ ಕೀಳುವವರು

ಸಿಡ್ನಿಗೆ ಬಂದ ಕನ್ನಡಿಗರಲ್ಲಿ ಅನೇಕರು ಮನೆ ಮಾಡಿರುವುದು ನಗರದ ಪಶ್ಚಿಮಕ್ಕೆ, ವೆಂಟ್‌ವರ್ತ್‌ವಿಲ್, ಟೂಂಗ್ಯಾಬಿ, ವೆಸ್ಟ್‌ಮೀಡ್ ಸುತ್ತಮುತ್ತ. ಅಲ್ಲಿನ ಹಿತ್ತಿಲುಗಳನ್ನು ಬಳಸಿಕೊಂಡು ಹೋಗುವ ಟೂಂಗ್ಯಾಬಿ ಕ್ರೀಕ್, ಮುಂದೆ ಡಾರ್ಲಿಂಗ್ ಮಿಲ್ಸ್ ಕ್ರೀಕನ್ನು ಕೂಡಿಕೊಂಡು ಪ್ಯಾರಾಮಟಾ ನದಿಯಾಗುತ್ತದೆ. ರಜಾದಿನದ ಬೆಳಿಗ್ಗೆ ಇಂಥ ಹಳ್ಳಗಳ ದಂಡೆಯಲ್ಲಿ ಅಗಲದ ಟೋಪಿ ಹಾಕಿಕೊಂಡು ಮಂಡಿಯೂರಿ ಕುಳಿತ ನಾಲ್ಕೈದು ಮಂದಿ ಹಿರಿಯರನ್ನು ನೀವು ಕಂಡಿರಬಹುದು. ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅನ್ನಿಸುತ್ತದೆ. ಇವರೇ ಕಾಡಿನ ಕಳೆ ಕೀಳುವ ಬುಷ್‌ಕೇರ್‌ನವರು. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಈ ಊರಿನ ನೀರು ಕುಡಿಯುವ ನಮಗೆ ಇವರ ಚರಿತ್ರೆಯೂ ಗೊತ್ತಿರಬೇಕು ಎಂಬ ಆಸೆಯಿಂದ ಈ ಬರಹ.

ಕಳೆ ಕಿತ್ತು ಕಾಡು ಉಳಿಸುವ ಕೆಲಸಕ್ಕೆ ನ್ಯೂ ಸೌತ್ ವೇಲ್ಸ್‌ನಲ್ಲಿ ಮೊದಲು ಕೈಹಾಕಿದವರಲ್ಲಿ ಆ್ಯಂಬ್ರೋಸ್ ಕ್ರಾಫರ್ಡ್ ಒಬ್ಬರು. ಉತ್ತರದ ಆಲ್‌ಸ್ಟನ್‌ವಿಲ್ ಎಂಬ ಊರಿನಲ್ಲಿ ಅಳಿದುಳಿದಿದ್ದ ಮಳೆಕಾಡಿನ ತುಂಡೊಂದನ್ನು ಅವರು 1935ರಲ್ಲೇ ಹಸನು ಮಾಡತೊಡಗಿದ್ದರು. ಆದರೆ ಇಂದು ಸಿಡ್ನಿಯ ಗುಂಪುಗಳೆಲ್ಲ ಗುರುಗಳೆಂದು ನೆನೆಯುವುದು ಮಾಸ್‌ಮನ್‌ನ ಇಬ್ಬರು ಅಕ್ಕತಂಗಿಯರನ್ನು: ಐಲೀನ್ ಬ್ರ್ಯಾಡ್ಲಿ ಮತ್ತು ಜೋನ್ ಬ್ರ್ಯಾಡ್ಲಿ. 1960ರ ದಶಕದಲ್ಲಿ ಇವರು ಬಂದರಿನ ಅಂಚಿನ ಆ್ಯಷ್ಟನ್ ಪಾರ್ಕಿನಲ್ಲಿ ಅಡ್ಡಾಡುತ್ತಿದ್ದಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಕೂಲಿಯಾಳುಗಳು ಬಂದು ಕಳೆಯನ್ನೆಲ್ಲ ಒಂದೇ ಸಲಕ್ಕೆ ಸವರಿ ಹೋಗುತ್ತಿದ್ದರು. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮೊದಲಿಗಿಂತ ದಟ್ಟವಾಗಿ ಕಳೆ ಎದ್ದು ನಿಲ್ಲುತ್ತಿತ್ತು. ನೆಲ ಬಯಲಾಯಿತು, ಬಿಸಿಲು ಬಿತ್ತು. ಅಂಥ ಜಾಗಕ್ಕೆ ಕಳೆಯೇ ತಾನೇ ಮೊದಲು ನುಗ್ಗುವುದು?

ಅಕ್ಕತಂಗಿಯರು ಕ್ರಮವನ್ನೇ ತಿರುವುಮುರುವು ಮಾಡಿದರು. ಕಾಡು ಎಲ್ಲಿ ಚೆನ್ನಾಗಿದೆಯೋ ಅಲ್ಲಿಂದ ಶುರುಮಾಡಿ ಕೆಟ್ಟ ಕಡೆಗೆ ಸಾಗಬೇಕು. ಕಿತ್ತ ಮೇಲೆ ಮಣ್ಣನ್ನೂ ತರಗೆಲೆಯನ್ನೂ ಇದ್ದಂತೆಯೇ ಮುಚ್ಚಬೇಕು. ತೆರವಾದ ಜಾಗಕ್ಕೆ ಸ್ಥಳೀಯ ಗಿಡಗಳು ಬಂದು ತುಂಬಿಕೊಂಡ ಮೇಲೆಯೇ ಮುಂದಿನ ಹೆಜ್ಜೆ. ದೊಡ್ಡ ಕಳೆಪೊದೆ ಕಂಡರೆ ಅದನ್ನೇ ಮೊದಲು ಕಡಿದುಹಾಕಬೇಕೆಂದು ಎಲ್ಲರಿಗೂ ಕೈ ತುರಿಸುತ್ತದೆ. ಅದನ್ನು ತಡೆದುಕೊಳ್ಳುವುದೇ ಈ ವಿದ್ಯೆಯ ಮುಕ್ಕಾಲು ಪಾಲು ಎಂದು ನನಗನ್ನಿಸುತ್ತದೆ. 1970ರ ದಶಕದ ನಡುವಿನಲ್ಲಿ, ಪರಂಪರೆ ಕಾಯುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಈ ಪದ್ಧತಿಯನ್ನು ಕೈಗೆತ್ತಿಕೊಂಡು ಜನರಿಗೆ ತರಬೇತಿ ಕೊಡಿಸಿತು. ಐಲೀನ್ 1976ರಲ್ಲಿ, ಜೋನ್ 1982ರಲ್ಲಿ ತೀರಿಕೊಂಡರು. ಜೋನ್ ಬರೆದಿಟ್ಟಿದ್ದು ಪುಸ್ತಕವಾಗಿ ಹೊರಬಂದದ್ದು 1988ರಲ್ಲಿ.

ಈ ಚರಿತ್ರೆಯಲ್ಲಿ ಜಗಳದ ಅಧ್ಯಾಯವೂ ಇದೆ. ಹಂಟರ್ಸ್ ಹಿಲ್‌ನಲ್ಲಿ ನದಿಗೆ ತಾಗಿಕೊಂಡ ಕೆಲ್ಲೀಸ್ ಬುಷ್ ಎಂಬ ಸಣ್ಣ ಕಾಡಿನಲ್ಲಿ ಕಂಪನಿಯೊಂದು ಮನೆ ಕಟ್ಟಲು ಹೊರಟಾಗ ಹದಿಮೂರು ಮಂದಿ ಹೆಂಗಸರು ಎದುರು ನಿಂತರು. ಅರ್ಜಿ, ಮನವಿ ಯಾವುದೂ ಫಲಿಸಲಿಲ್ಲ. ಕೊನೆಗೆ 1971ರಲ್ಲಿ ಅವರು ಹೋಗಿ ಬಾಗಿಲು ತಟ್ಟಿದ್ದು ಕಟ್ಟಡ ಕಾರ್ಮಿಕರ ಸಂಘದ್ದು. ಅದರ ಮುಂದಾಳು ಜಾಕ್ ಮಂಡಿ, ಕಮ್ಯುನಿಸ್ಟರು. ಸ್ಥಿತಿವಂತರ ಬಡಾವಣೆಯ ಗೃಹಿಣಿಯರಿಗೂ ಗಾರೆ ಹೊರುವವರಿಗೂ ಎತ್ತಣ ನಂಟು! ಸಂಘ ಒಪ್ಪಿತು. ಕೆಲ್ಲೀಸ್ ಬುಷ್‌ನಲ್ಲಿ ಒಂದೇ ಒಂದು ಮರ ಬಿದ್ದರೂ ಅದೇ ಕಂಪನಿ ನಾರ್ತ್ ಸಿಡ್ನಿಯಲ್ಲಿ ಕಟ್ಟಿಸುತ್ತಿದ್ದ ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ, ಎಂದೆಂದಿಗೂ ಹಾಗೇ ಇರುತ್ತದೆ ಎಂದು ಕಾರ್ಮಿಕರು ಘೋಷಿಸಿದರು. ಜಗತ್ತಿನ ಮೊದಲ ‘ಗ್ರೀನ್ ಬ್ಯಾನ್’ ಎಂದು ಹೆಸರಾದದ್ದು ಇದೇ. 1983ರಲ್ಲಿ ಸರ್ಕಾರ ಆ ಜಾಗವನ್ನು ಸಾರ್ವಜನಿಕರಿಗೆ ಉಳಿಸಿಕೊಟ್ಟಿತು. 1989ರಲ್ಲಿ ಪ್ರಧಾನಿ ಬಾಬ್ ಹಾಕ್ ‘ಲ್ಯಾಂಡ್‌ಕೇರ್ ದಶಕ’ ಸಾರಿದ ಮೇಲೆ ಕಳೆ ಕೀಳುವ ಗುಂಪುಗಳಿಗೆ ದುಡ್ಡೂ ಬಂತು, ಕೌನ್ಸಿಲ್‌ಗಳೂ ಕೈಜೋಡಿಸಿದವು.

ಹಳ್ಳದ ದಂಡೆಯಲ್ಲೇ ಕಳೆ ಯಾಕೆ ಹೆಚ್ಚು ಎಂಬುದಕ್ಕೆ ಉತ್ತರ ನಮ್ಮ ಮನೆಗಳಲ್ಲಿದೆ. ಸಿಡ್ನಿಯ ಮರಳುಗಲ್ಲಿನ ಮೇಲಿನ ಮಣ್ಣು ತೀರಾ ಬಡವು. ಬ್ಯಾಂಕ್ಸಿಯಾದಂಥ ಗಿಡಗಳು ಆ ಬಡತನಕ್ಕೇ ಒಗ್ಗಿಕೊಂಡವು. ರಂಜಕ ಹೆಚ್ಚಾದರೆ ಸೊರಗುತ್ತವೆ. ನಾವು ಹುಲ್ಲುಹಾಸಿಗೆ ಎರಚಿದ ಗೊಬ್ಬರ, ನಾಯಿಯ ಹೇಲು, ಕಾರು ತೊಳೆದ ನೊರೆ ಎಲ್ಲವೂ ಮಳೆನೀರಿನ ಚರಂಡಿಯಲ್ಲಿ ನೇರವಾಗಿ ಹಳ್ಳ ಸೇರುತ್ತವೆ. ಆ ಊಟ ಪ್ರಿವೆಟ್, ಲಂಟಾನದಂಥ ಕಳೆಗಳಿಗೆ ಹಬ್ಬ.

ಕೆಲಸ ಹೇಗೆ ನಡೆಯುತ್ತದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿ ಆಸ್ಪರಾಗಸ್ ಫರ್ನ್ ಎಂಬ ಹಟಮಾರಿ ಕಳೆ ಇದೆ. ನಮ್ಮೂರಿನ ಹಲವು ಮಕ್ಕಳ ತಾಯಿ ಬೇರಿನ ಕುಲದ್ದೇ. ಎಳೆದರೆ ಗೊಂಚಲು ಗೊಂಚಲು ಬಿಳಿ ಗೆಡ್ಡೆ. ಹೊಸಬರು ಗೆಡ್ಡೆಯನ್ನೆಲ್ಲ ಅಗೆದು ನೆಲವನ್ನು ರಾಡಿ ಮಾಡುತ್ತಾರೆ. ಪಳಗಿದವರು ಹಾಗೆ ಮಾಡುವುದಿಲ್ಲ. ಮುಳ್ಳುಬಳ್ಳಿಯನ್ನು ಕತ್ತರಿಸಿ ಬದಿಗಿಡುತ್ತಾರೆ, ಬುಡದ ನೆತ್ತಿಯ ಸುತ್ತ ಚಾಕು ಆಡಿಸಿ ಅದೊಂದನ್ನೇ ಕೊಯ್ದು ಎತ್ತುತ್ತಾರೆ. ಗೆಡ್ಡೆಗಳು ಬರೀ ನೀರಿನ ಶೇಖರಣೆ, ಮತ್ತೆ ಚಿಗುರುವುದಿಲ್ಲ. ಅಲ್ಲೇ ಕೊಳೆಯಲಿ ಎಂದು ಬಿಡುತ್ತಾರೆ. ಕೆಂಪು ಹಣ್ಣಿದ್ದರೆ ಹಕ್ಕಿ ಒಯ್ಯದಂತೆ ಚೀಲಕ್ಕೆ. ತರಗೆಲೆ ಎಳೆದು ಮುಚ್ಚಿದ ಮೇಲೆ ಅಲ್ಲಿ ಯಾರೋ ಕೂತಿದ್ದರೆಂಬ ಗುರುತೂ ಉಳಿಯುವುದಿಲ್ಲ.

ವನಮಹೋತ್ಸವದಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಬೆಳೆದ ನಮಗೆ ಇದು ಸಪ್ಪೆ ಎನಿಸಬಹುದು. ಬ್ರ್ಯಾಡ್ಲಿಯವರ ದಾರಿಯಲ್ಲಿ ನೆಡುವ ಮಾತೇ ಇಲ್ಲ. ಮಣ್ಣಿನಲ್ಲಿ ದಶಕಗಟ್ಟಲೆ ಮಲಗಿದ್ದ ಬೀಜಗಳೇ ಏಳಬೇಕು. ಆದರೆ ಮಾಸ್‌ಮನ್‌ನ ಸೂತ್ರ ನಮ್ಮ ಪಶ್ಚಿಮಕ್ಕೆ ಪೂರ್ತಿ ಹೊಂದುವುದಿಲ್ಲ ಎನ್ನುವುದನ್ನೂ ಹೇಳಬೇಕು. ಇಲ್ಲಿನ ಜೇಡಿಮಣ್ಣಿನ ಕಂಬರ್ಲೆಂಡ್ ಬಯಲು ಉಳುಮೆ, ಮೇವುಗಾವಲುಗಳಿಗೆ ಸಿಕ್ಕು, ಎಷ್ಟೋ ಕಡೆ ನೆಲದೊಳಗಿನ ಬೀಜವೇ ಬರಿದಾಗಿದೆ. ಅಲ್ಲಿ ನೆಡದೆ ವಿಧಿಯಿಲ್ಲ.

ಹಕ್ಕಿಗಳ ವಿಚಾರ ಇನ್ನೂ ನಾಜೂಕು. ಫೇರಿರೆನ್ ಎಂಬ ಪುಟ್ಟ ನೀಲಿಹಕ್ಕಿಗೆ ದಟ್ಟ ಪೊದೆ ಬೇಕು. ಸ್ಥಳೀಯ ಪೊದೆ ಇಲ್ಲದ ಕಡೆ ಅದು ಲಂಟಾನದಲ್ಲೇ ಅಡಗಿ ಬದುಕಿಕೊಂಡಿದೆ. ಲಂಟಾನವನ್ನು ಒಮ್ಮೆಗೇ ಸವರಿದಿರೋ, ನಾಯ್ಸಿ ಮೈನರ್ ಎಂಬ ಹಕ್ಕಿಗಳ ಹಿಂಡು ಬಂದು ಸಣ್ಣ ಹಕ್ಕಿಗಳನ್ನೆಲ್ಲ ಅಟ್ಟಿಬಿಡುತ್ತದೆ. ಹೀಗಾಗಿ ಒಂದಿಷ್ಟು ಕಡಿದು, ಒಂದಿಷ್ಟು ಬಿಟ್ಟು, ಬದಲಿ ಪೊದೆ ಬೆಳೆಯುವ ತನಕ ಕಾಯುತ್ತಾರೆ.

ನಾಯ್ಸಿ ಮೈನರ್ ಈ ನಾಡಿನದೇ. ಹೆಸರಿನಲ್ಲಿ ಹತ್ತಿರವಿರುವ ಇನ್ನೊಂದು ಹಕ್ಕಿ ಮೈನಾ, ಅಂದರೆ ನಮ್ಮ ಗೊರವಂಕ, 1860ರ ದಶಕದಲ್ಲಿ ಹುಳು ತಿನ್ನಲೆಂದು ಮೆಲ್ಬರ್ನ್‌ಗೆ ತಂದುಬಿಟ್ಟದ್ದು. ಈಗ ಅದು ಮರದ ಪೊಟರೆಗಳನ್ನು ಗಿಳಿಗಳಿಂದ ಕಿತ್ತುಕೊಳ್ಳುತ್ತದೆ ಎಂಬ ದೂರು. ‘ಇದು ನಿಮ್ಮ ಕಡೆಯದಲ್ಲವೇ?’ ಎಂದು ಯಾರಾದರೂ ಕಿಚಾಯಿಸಿದರೆ ನಮ್ಮಲ್ಲೂ ಉತ್ತರವಿದೆ. ಇವರ ನೀಲಗಿರಿ ಬಯಲುಸೀಮೆಯ ಹೊಲಗಳಿಗೆ ಬಂತು, ಇವರ ಅಕೇಶಿಯ ಮಲೆನಾಡನ್ನು ಹೊಕ್ಕಿತು. ಹೊಸದಾಗಿ ನೀಲಗಿರಿ ನೆಡಬಾರದೆಂದು ಕರ್ನಾಟಕ ಸರ್ಕಾರವೇ 2017ರಲ್ಲಿ ಆದೇಶ ಹೊರಡಿಸಬೇಕಾಯಿತು. ಆ ಮಟ್ಟಿಗೆ ಲೆಕ್ಕ ಚುಕ್ತಾ.

ಕಳೆ ಕೀಳುವವರಲ್ಲಿ ನಿವೃತ್ತರೇ ಹೆಚ್ಚು, ನಮ್ಮಂಥ ವಲಸಿಗರು ಕಡಿಮೆ. ಸೇರಲು ಕಷ್ಟವೇನಿಲ್ಲ. ಕೌನ್ಸಿಲ್‌ಗೆ ಹೆಸರು ಕೊಟ್ಟರಾಯಿತು. ಗ್ಲೌಸು, ಚಾಕು, ಗರಗಸ ಅವರದೇ. ತುಂಬುತೋಳಿನ ಅಂಗಿ, ಮುಚ್ಚಿದ ಷೂ ನಮ್ಮದು. ನಡುವೆ ಟೀ ಬಿಡುವು ಇರುತ್ತದೆ. ಬಿಸ್ಕತ್ತಿನ ಜೊತೆಗೆ ಒಂದು ಡಬ್ಬಿ ಕೋಡುಬಳೆ ಒಯ್ದರೆ ಖಾಲಿಯಾಗುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಉತ್ತರದ ಕಡೆಯ ಕಾಡಿಗೆ ಹೋಗಿದ್ದರೆ ಮಾತ್ರ, ಮನೆಗೆ ಬಂದವರು ಕಿವಿಯ ಹಿಂದೆ ಉಣ್ಣೆ ಕಚ್ಚಿಕೊಂಡಿದೆಯೇ ಎಂದು ಮರೆಯದೆ ನೋಡಿಕೊಳ್ಳಿ.